ಚಳಿಗೆ ಸೊರಗಿದ ಎಳೆ ಗಿಡಗಳು: ಕಿತ್ತು, ಬೇರು ಬಿಡಿಸಿ, ಮತ್ತೆ ನೆಟ್ಟು ಚಳಿಗಾಲ ದಾಟಿಸಿದ ವಿವರ

ಈ ತೋಟ ನನ್ನ ಕೈಗೆ ಬಂದಾಗ ಅದರಲ್ಲಿ ನಾಲ್ಕು ಎಳೆ ಗಿಡಗಳಿದ್ದವು. ಒಂದು ಸೇಬು, ಒಂದು ಅಂಜೂರ, ಎರಡು ನಿಂಬೆ. ಹಿಂದಿನವರು ನೆಟ್ಟು ಎರಡು ವರ್ಷ ದಾಟಿತ್ತಂತೆ. ನೋಡಿದರೆ ಮೊನ್ನೆ ಮೊನ್ನೆ ನೆಟ್ಟಂತಿದ್ದವು. ಸೇಬು ಒಂದು ಗೇಣೂ ಬೆಳೆದಿರಲಿಲ್ಲ. ಅಂಜೂರದ ತುದಿಗಳೆಲ್ಲ ಕಪ್ಪಾಗಿ ಒಣಗಿದ್ದವು. ಒಂದು ನಿಂಬೆಯ ಎಲೆಗಳು ಕಂದು ತಿರುಗಿ ಜೋತುಬಿದ್ದಿದ್ದವು, ಇನ್ನೊಂದರಲ್ಲಿ ಎಲೆಯೇ ಇರಲಿಲ್ಲ, ಬುಡದಲ್ಲಿ ಮಾತ್ರ ಒಂದು ಮುಳ್ಳಿನ ಕುಡಿ ಜೋರಾಗಿ ಎದ್ದಿತ್ತು.

ನೋಡಿದವರೆಲ್ಲ ಹೇಳಿದ್ದು ಒಂದೇ, ಚಳಿಗೆ ಹೋಗಿವೆ ಅಂತ. ನಿಂಬೆಯ ವಿಷಯದಲ್ಲಿ ಒಪ್ಪಬಹುದು. ಆದರೆ ಸೇಬು? ಎಲೆ ಉದುರಿಸಿ ಮಲಗಿದ ಸೇಬು ಮೈನಸ್ 20 ಡಿಗ್ರಿಯನ್ನೂ ತಡೆಯುವ ಗಿಡ. ಅದು ಈ ಚಳಿಗೆ ಸೊರಗಿತು ಅಂದರೆ ನಂಬೋದು ಹೇಗೆ? ಹಾಗಾಗಿ ಮುಚ್ಚುವ ಬಟ್ಟೆ, ಚೌಕಟ್ಟು ಎಲ್ಲ ಆಮೇಲೆ ಅಂದುಕೊಂಡು ಮೊದಲು ಬುಡ ಅಗೆದೆ.

ಬುಡದಲ್ಲಿ ಕಂಡದ್ದು

ಸೇಬಿನಿಂದ ಶುರು ಮಾಡಿದೆ. ಚಳಿಗಾಲದ ಕೊನೆ, ಮೊಗ್ಗುಗಳು ಇನ್ನೂ ಬಿಗಿಯಾಗಿದ್ದವು. ಎಲೆ ಉದುರಿಸುವ ಗಿಡವನ್ನು ಕೀಳೋಕೆ ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಯಾವ ಮರವೇ ಆಗಲಿ, ಕಾಂಡ ನೆಲ ಸೇರುವಲ್ಲಿ ಸ್ವಲ್ಪ ಅಗಲವಾಗಬೇಕು, ಅಲ್ಲಿಂದ ಬೇರುಗಳು ಸುತ್ತ ಹರಡಬೇಕು, ಆ ಅಗಲ ಮಣ್ಣಿನ ಮೇಲೆ ಕಣ್ಣಿಗೆ ಕಾಣಬೇಕು. ಇಲ್ಲಿ ಕಾಂಡ ಮೇಲಿಂದ ಕೆಳಗೆ ಒಂದೇ ದಪ್ಪಕ್ಕೆ ನೇರವಾಗಿ ಮಣ್ಣಿಗೆ ಇಳಿದಿತ್ತು. ಕೈಸಲಿಕೆಯಲ್ಲಿ ಮೆಲ್ಲಗೆ ಕೆರೆಯುತ್ತಾ ಹೋದೆ. ಮೊದಲು ಸಿಕ್ಕಿದ್ದು ತೊಗಟೆಯಿಂದಲೇ ಹೊರಟ ಸಣ್ಣ ಸಣ್ಣ ಬೇರುಗಳು, ಹೂತುಹೋದ ಕಾಂಡ ದಾರಿ ಇಲ್ಲದೆ ಬಿಟ್ಟವು. ನಿಜವಾದ ಮೊದಲ ಬೇರು ಸಿಕ್ಕಿದ್ದು 12 ಸೆಂ.ಮೀ. ಕೆಳಗೆ. ಅಲ್ಲಿಯವರೆಗಿನ ತೊಗಟೆ ತೇವಕ್ಕೆ ಮೆತ್ತಗಾಗಿ, ಉಗುರಿನಲ್ಲಿ ಒತ್ತಿದರೆ ಕುಳಿ ಬೀಳುತ್ತಿತ್ತು. ಕಸಿಯ ಗಂಟು, ಅಂದರೆ ಬೇರಿನ ಗಿಡಕ್ಕೆ ಮೇಲಿನ ತಳಿಯನ್ನು ಕೂಡಿಸಿದ ಜಾಗ, ಮಣ್ಣಿಗೆ ತಾಗಿಕೊಂಡೇ ಇತ್ತು. ಇನ್ನೂ ಸ್ವಲ್ಪ ಮಣ್ಣು ಏರಿದ್ದರೆ ಮೇಲಿನ ತಳಿಯೇ ಬೇರು ಬಿಟ್ಟು, ಗಿಡ ಗಿಡ್ಡವಾಗಿರಲಿ ಅಂತ ಕೆಳಗೆ ಹಾಕಿದ ಬೇರುಕಾಂಡಕ್ಕೆ (ಬೇರು ಕೊಡುವ ಗಿಡಕ್ಕೆ) ಅರ್ಥವೇ ಉಳಿಯುತ್ತಿರಲಿಲ್ಲ.

ಎಳೆ ಗಿಡಗಳು ಬೇರೂರದೆ ಸೊರಗುವುದಕ್ಕೆ ಹೀಗೆ ಆಳಕ್ಕೆ ಹೂಳುವುದು ಬಹಳ ಸಾಮಾನ್ಯವಾದ ಕಾರಣ. ನೆಟ್ಟವರನ್ನೇ ದೂರುವಂತೆಯೂ ಇಲ್ಲ. ನರ್ಸರಿಯಲ್ಲಿ ಸಣ್ಣ ಚೀಲದಿಂದ ದೊಡ್ಡ ಕುಂಡಕ್ಕೆ ಬದಲಿಸುವಾಗಲೇ ಮೇಲೆ ಒಂದಿಷ್ಟು ಮಣ್ಣು ಸೇರಿಬಿಡುತ್ತದೆ, ಕುಂಡದ ಮಣ್ಣಿನ ಮಟ್ಟವನ್ನೇ ನೆಲದ ಮಟ್ಟ ಅಂದುಕೊಂಡು ನೆಡುತ್ತಾರೆ, ಕೆಳಗೆ ಸಡಿಲ ಗೊಬ್ಬರ ಹಾಕಿದ್ದರೆ ಅದು ಕರಗಿ ಇಳಿದಂತೆ ಗಿಡವೂ ಇನ್ನೊಂದಿಷ್ಟು ಇಳಿಯುತ್ತದೆ. ಬೇರಿಗೆ ಗಾಳಿ ಬೇಕು. ಆ ಗಾಳಿ ಇರೋದು ಮೇಲಿನ ಮಣ್ಣಿನಲ್ಲಿ.

ಗಿಡ ಪೂರ್ತಿ ಎತ್ತಿದಾಗ ಎರಡನೇ ವಿಷಯ ಗೊತ್ತಾಯಿತು. ಎರಡು ವರ್ಷ ನೆಲದಲ್ಲಿದ್ದರೂ ಬೇರಿನ ಮುದ್ದೆಗೆ ಕುಂಡದ ಆಕಾರ ಹಾಗೇ ಇತ್ತು. ಅಂಚಿನಲ್ಲಿ ಪೆನ್ಸಿಲ್ ದಪ್ಪದ ಬೇರುಗಳು ಹಗ್ಗ ಸುತ್ತಿಟ್ಟ ಹಾಗೆ ಸುತ್ತು ಹಾಕಿದ್ದವು. ಒಂದು ಬೇರು ಕಾಂಡದ ಬುಡವನ್ನೇ ಅಡ್ಡ ಹಾಯ್ದು ಒತ್ತಿಕೊಂಡಿತ್ತು, ಎತ್ತಿ ನೋಡಿದರೆ ಕೆಳಗೆ ತೊಗಟೆಯಲ್ಲಿ ತಗ್ಗು ಬಿದ್ದಿತ್ತು. ಈಗ ಅದರಿಂದ ದೊಡ್ಡ ತೊಂದರೆ ಇಲ್ಲ. ಇನ್ನು ಎಷ್ಟೋ ವರ್ಷದ ಮೇಲೆ ಕಾಂಡ ದಪ್ಪವಾದಾಗ ಅದೇ ಬೇರು ಮರದ ಕುತ್ತಿಗೆ ಹಿಸುಕುತ್ತದೆ, ಆಗ ಯಾರಿಗೂ ಕಾರಣ ಗೊತ್ತಾಗುವುದಿಲ್ಲ.

ಮೂರನೆಯದು ಗುಂಡಿ. ಸುತ್ತ ಜೇಡಿಮಣ್ಣು. ಒದ್ದೆ ಇದ್ದಾಗ ಗುದ್ದಲಿಯಲ್ಲಿ ಕೊಚ್ಚಿದ್ದರಿಂದ ಗೋಡೆಗಳು ನುಣುಪಾಗಿ ಮುಚ್ಚಿಹೋಗಿದ್ದವು. ಒಳಗೆ ತುಂಬಿದ್ದು ಬರೀ ಕಾಂಪೋಸ್ಟ್ ಮತ್ತು ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ನೀರು ಒರಟು ಮಣ್ಣಿನಿಂದ ನಯವಾದ ಮಣ್ಣಿಗೆ, ನಯದಿಂದ ಒರಟಿಗೆ ಸುಲಭವಾಗಿ ದಾಟುವುದಿಲ್ಲ. ಬಿಸಿಲಲ್ಲಿ ಸುತ್ತಲಿನ ಜೇಡಿ ಒದ್ದೆಯಾಗಿದ್ದರೂ ಬೇರಿನ ಮುದ್ದೆ ಒಣಗಿ ಧೂಳಾಗಿರುತ್ತದೆ. ಮಳೆಯಲ್ಲಿ ಅದೇ ಗುಂಡಿ ತೊಟ್ಟಿಯಾಗಿ ನೀರು ನಿಲ್ಲುತ್ತದೆ. ಬೇರಿಗೂ ಹೊರಗೆ ಹೋಗಬೇಕು ಅನ್ನಿಸುವುದಿಲ್ಲ, ಒಳಗೇ ಮೆತ್ತಗಿದೆಯಲ್ಲ. ಇಷ್ಟರ ಮೇಲೆ ಕಾಂಡದವರೆಗೂ ಹುಲ್ಲು ಬೆಳೆದಿತ್ತು. ಹುಲ್ಲು ಸುಮ್ನೆ ಇರಲ್ಲ. ಎಳೆ ಮರಕ್ಕೆ ಸಿಗಬೇಕಾದ ನೀರು, ಸಾರಜನಕ ಎಲ್ಲವನ್ನೂ ಮೊದಲು ಅದೇ ಕುಡಿಯುತ್ತದೆ.

ಇನ್ನು ಮುಳ್ಳಿನ ಕುಡಿ ಎದ್ದಿದ್ದ ನಿಂಬೆ. ಆ ಕುಡಿಯಲ್ಲಿ ಒಂದೊಂದು ತೊಟ್ಟಿಗೆ ಮೂರು ಮೂರು ಎಲೆ. ನಿಂಬೆಯದಲ್ಲ, ಕಸಿಗೆ ಬಳಸುವ ಮೂರೆಲೆ ಕಿತ್ತಳೆಯ ಜಾತಿಯದು. ಗಂಟಿನ ಮೇಲಿನ ನಿಂಬೆಯನ್ನು ಕೆರೆದು ನೋಡಿದರೆ ಕೆಳಗಿನವರೆಗೂ ಒಣ ಕಂದು. ನಿಂಬೆ ಸತ್ತಿತ್ತು, ಬೇರುಕಾಂಡ ಮಾತ್ರ ಹುಲುಸಾಗಿತ್ತು. ಅದನ್ನು ಕಿತ್ತೆಸೆದೆ.

ಚಳಿ ಗಿಡಕ್ಕೆ ಮಾಡೋದೇನು

ಎಲೆಯೊಳಗೆ ಮೊದಲು ಹೆಪ್ಪುಗಟ್ಟುವುದು ಜೀವಕೋಶಗಳ ನಡುವೆ ಇರುವ ನೀರು, ಕೋಶದ ಒಳಗಿನದಲ್ಲ. ಆ ಮಂಜಿನ ಹರಳು ಕೋಶದೊಳಗಿನ ನೀರನ್ನು ಹೊರಗೆ ಎಳೆಯುತ್ತಾ ದೊಡ್ಡದಾಗುತ್ತದೆ. ಅಂದರೆ ಬಹಳ ಸಲ ಗಿಡ ಸಾಯೋದು ಒಣಗಿ. ಚಳಿಗೆ ಪಳಗಿದ ಗಿಡ ಈ ಒಣಗುವಿಕೆಯನ್ನು ತಡೆಯಲು ತಯಾರಾಗಿರುತ್ತದೆ. ಕೋಶಗಳಲ್ಲಿ ಸಕ್ಕರೆ ಸೇರಿಸಿಕೊಂಡಿರುತ್ತದೆ, ಪೊರೆಗಳನ್ನು ಬದಲಿಸಿಕೊಂಡಿರುತ್ತದೆ. ಆ ತಯಾರಿ ಹಗಲು ಚಿಕ್ಕದಾಗುತ್ತಾ ಬಂದಾಗ ಶುರುವಾಗಿ ವಾರಗಟ್ಟಲೆ ನಡೆಯುತ್ತದೆ, ಅದಕ್ಕೆ ಗಿಡದಲ್ಲಿ ದಾಸ್ತಾನು ಬೇಕು. ಬೇಸಿಗೆಯೆಲ್ಲ ನೀರಿಗೆ ಒದ್ದಾಡಿದ ಗಿಡದಲ್ಲಿ ಎಲ್ಲಿಂದ ಬರಬೇಕು ದಾಸ್ತಾನು?

ಬೇರಿನ ಕಥೆ ಇನ್ನೂ ನಾಜೂಕು. ಒಂದೇ ಮರದಲ್ಲಿ ರೆಂಬೆ ತಡೆಯುವ ಚಳಿಯನ್ನು ಬೇರು ತಡೆಯುವುದಿಲ್ಲ. ಆಳಕ್ಕೆ, ಅಗಲಕ್ಕೆ ಹರಡಿದ ಬೇರಿಗೆ ಮಣ್ಣೇ ಕಂಬಳಿ. ಕುಂಡದಲ್ಲೇ ಬಿಟ್ಟರೆ ಬೇರಿಗೆ ನಾಲ್ಕೂ ಕಡೆಯಿಂದ ಚಳಿ. ನೆಲದಲ್ಲಿದ್ದರೂ ಸೇಬಿನ ಬೇರು ಕುಂಡದ ಆಕಾರ ಬಿಟ್ಟು ಹರಡಿರಲಿಲ್ಲ, ಅದು ಸೊರಗಿದ್ದರ ಗುಟ್ಟು ಇದೇ ಅನ್ನಿಸಿತು. ಚಳಿ ಕೊನೆಯ ಏಟು ಕೊಟ್ಟಿರಬಹುದು, ಆದರೆ ಗಿಡ ಅದಕ್ಕೂ ಮೊದಲೇ ಅರ್ಧ ಸತ್ತಿತ್ತು.

ಮತ್ತೆ ನೆಟ್ಟದ್ದು

ಮೊದಲು ನೀರು ಇಂಗುತ್ತದೋ ಇಲ್ಲವೋ ನೋಡಿದೆ. 30 ಸೆಂ.ಮೀ. ಆಳದ ಗುಂಡಿ ತೋಡಿ, ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೆ ತುಂಬಿ, ಒಂದು ಕೋಲು ನೆಟ್ಟು ಗುರುತು ಹಾಕೋದು. ಗಂಟೆಗೆ ಎರಡೂವರೆ ಸೆಂ.ಮೀ. ಇಳಿದರೂ ಪರವಾಗಿಲ್ಲ. ಅದಕ್ಕಿಂತ ಕಮ್ಮಿ ಇದ್ದರೆ ಗುಂಡಿ ಬೇಡ, ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಬೇಕು. ನನ್ನದು ಹೇಗೋ ಪಾಸಾಯಿತು.

ಸೇಬಿನ ಬೇರಿನ ಮುದ್ದೆಯನ್ನು ಬಕೆಟ್ ನೀರಿನಲ್ಲಿ ನೆನೆಸಿ ಕೋಕೋಪೀಟನ್ನೆಲ್ಲ ತೊಳೆದೆ. ಸುತ್ತು ಹಾಕಿದ್ದ ಬೇರುಗಳಲ್ಲಿ ಬಗ್ಗುವವನ್ನು ಬಿಡಿಸಿ ನೇರ ಮಾಡಿದೆ, ಬಗ್ಗದವನ್ನು ಅವು ತಿರುಗಲು ಶುರು ಮಾಡಿದ ಜಾಗದಲ್ಲೇ ಹರಿತವಾದ ಕತ್ತರಿಯಿಂದ ಕತ್ತರಿಸಿದೆ. ಕುತ್ತಿಗೆ ಒತ್ತಿದ್ದ ಬೇರನ್ನು ಎರಡು ಕಡೆ ಕತ್ತರಿಸಿ ತೆಗೆದೆ. ಬೇರು ಕತ್ತರಿಸೋಕೆ ಕೈ ಬರುವುದಿಲ್ಲ, ನಿಜ, ಆದರೆ ಮಲಗಿರುವ ಗಿಡ ಇದನ್ನು ತಡೆದುಕೊಳ್ಳುತ್ತದೆ, ಕತ್ತರಿಸಿದ ತುದಿಯಿಂದ ಹೊಸ ಬೇರುಗಳು ಹೊರಮುಖವಾಗಿ ಬರುತ್ತವೆ. ಹಾಗೇ ಬಿಟ್ಟರೆ ಸುತ್ತಿದ ಬೇರು ತಾನಾಗಿ ನೇರವಾಗುವುದು ಅಂತ ಇಲ್ಲವೇ ಇಲ್ಲ.

ಹೊಸ ಗುಂಡಿ ಬೇರಿನ ಹರವಿಗಿಂತ ಮೂರು ಪಟ್ಟು ಅಗಲ, ಆಳ ಮಾತ್ರ ಬೇರಿನಷ್ಟೇ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಗೋಡೆಗಳನ್ನು ಕವೆಗುದ್ದಲಿಯಲ್ಲಿ ಗೀರಿ ಒರಟು ಮಾಡಿದೆ. ನಡುವೆ ಗಟ್ಟಿ ಮಣ್ಣಿನದೇ ಒಂದು ಸಣ್ಣ ದಿಣ್ಣೆ ಬಿಟ್ಟು, ಅದರ ಮೇಲೆ ಗಿಡ ಕೂರಿಸಿ, ಬೇರುಗಳನ್ನು ಇಳಿಜಾರಿಗೆ ಹರಡಿ, ಒಂದು ನೇರ ಪಟ್ಟಿಯನ್ನು ಗುಂಡಿಯ ಅಡ್ಡಕ್ಕೆ ಇಟ್ಟು ಮಟ್ಟ ನೋಡಿದೆ. ಕಾಂಡ ಅಗಲವಾಗುವ ಜಾಗ ಪಟ್ಟಿಗಿಂತ ಎರಡು ಬೆರಳು ಮೇಲಿರಬೇಕು, ಮಣ್ಣು ಕೂತಾಗ ಸರಿಹೋಗುತ್ತದೆ. ತುಂಬಿದ್ದು ಅಗೆದ ಮಣ್ಣನ್ನೇ. ಗೊಬ್ಬರ ಇಲ್ಲ, ಕಾಂಪೋಸ್ಟ್ ಇಲ್ಲ. ಕಾಲಲ್ಲಿ ತುಳಿಯಲಿಲ್ಲ, ಅರ್ಧ ತುಂಬಿದಾಗ ನೀರು ಬಿಟ್ಟು ಕೆಸರು ತಾನಾಗಿ ಇಳಿಯಲು ಬಿಟ್ಟೆ, ಗಾಳಿಯ ಗುಳ್ಳೆ ಎಲ್ಲ ಹಾಗೇ ಹೋಗುತ್ತದೆ.

ಒಂದು ಮೀಟರ್ ಸುತ್ತಳತೆಯಲ್ಲ, ಒಂದು ಮೀಟರ್ ಅಗಲಕ್ಕೆ ಹುಲ್ಲು ಕಿತ್ತು, ಮರದ ಚಕ್ಕೆ ಮತ್ತು ತರಗೆಲೆ 8 ಸೆಂ.ಮೀ. ದಪ್ಪಕ್ಕೆ ಹರಡಿದೆ, ಮಲ್ಚಿಂಗ್ ಅನ್ನೋದು ಇದನ್ನೇ. ಕಾಂಡದ ಸುತ್ತ ಒಂದು ಗೇಣು ಖಾಲಿ. ಕಾಂಡಕ್ಕೆ ತಾಗಿಸಿ ಗುಡ್ಡೆ ಹಾಕಿದರೆ ಮತ್ತೆ ಅದೇ ಕೊಳೆ, ಜೊತೆಗೆ ಇಲಿಗಳಿಗೆ ಬೆಚ್ಚಗಿನ ಮನೆ.

ಹಳೇ ಆಸರೆ ಕೋಲು ಎದೆಯೆತ್ತರ ಇತ್ತು, ಕಾಂಡವನ್ನು ಬಿಗಿದು ಕಟ್ಟಿತ್ತು. ಅದನ್ನು ತೆಗೆದು ಮಂಡಿಗಿಂತ ಕೆಳಗೆ ಎರಡು ಗೂಟ, ಅಗಲ ಬಟ್ಟೆಯ ಪಟ್ಟಿಯಲ್ಲಿ ಸಡಿಲ ಕಟ್ಟು. ಗಾಳಿಗೆ ಓಲಾಡಿದರೇನೇ ಕಾಂಡದ ಬುಡ ದಪ್ಪವಾಗೋದು. ಬೇರು ಅಲ್ಲಾಡದಿದ್ದರೆ ಸಾಕು.

ಅಂಜೂರಕ್ಕೂ ಇದೇ ಚಿಕಿತ್ಸೆ. ಬದುಕಿದ್ದ ನಿಂಬೆಯನ್ನು ಮಾತ್ರ ಮುಟ್ಟಲಿಲ್ಲ, ಅದು ಎಲೆ ಹೊತ್ತ ಗಿಡ, ಚಳಿಯಲ್ಲಿ ಬೇರು ಕೆದಕಿದರೆ ಎಲೆಗೆ ನೀರು ಕೊಡುವವರು ಯಾರು? ಮಣ್ಣು ಬೆಚ್ಚಗಾಗುವವರೆಗೆ ಕಾದು, ಮುದ್ದೆಯ ಹೊರಗಿನ ಎರಡು ಮೂರು ಸೆಂ.ಮೀ. ಅನ್ನು ಸುತ್ತಲೂ ಕತ್ತರಿಸಿ ತೆಗೆದು, ಎತ್ತರಿಸಿ ನೆಟ್ಟು, ಕೆಲವು ವಾರ ಮಧ್ಯಾಹ್ನದ ಬಿಸಿಲಿಗೆ ನೆರಳು ಕಟ್ಟಿದೆ. ಕಿತ್ತೆಸೆದ ನಿಂಬೆಯ ಬದಲು ತಂದದ್ದು ಇದ್ದುದರಲ್ಲೇ ಚಿಕ್ಕ ಗಿಡ. ದೊಡ್ಡ ಗಿಡ ಕಣ್ಣಿಗೆ ಚೆಂದ, ಆದರೆ ಬೇರೂರಲು ಅದಕ್ಕೆ ಸಮಯ ಜಾಸ್ತಿ ಬೇಕು. ಕಾಂಡದ ದಪ್ಪ ಎರಡೂವರೆ ಸೆಂ.ಮೀ. ಇದ್ದರೆ ಒಂದು ವರ್ಷ ಅನ್ನುವುದು ತೋಟದವರ ಅಂದಾಜು.

ಬೇಸಿಗೆಯಲ್ಲಿ ಮಾಡಿದ್ದು ನೀರು ಹಾಕೋದು, ಹುಲ್ಲು ಕೀಳೋದು, ಅಷ್ಟೇ. ದಿನಾ ಚೂರು ಚೂರು ಅಲ್ಲ, ಬೆರಳು ಇಳಿಸಿ ನೋಡಿ, ಒಣಗಿದ್ದರೆ ಆಳಕ್ಕೆ ಇಳಿಯುವಷ್ಟು. ಬೇಸಿಗೆ ಅರ್ಧ ಕಳೆದ ಮೇಲೆ ಸಾರಜನಕದ ಗೊಬ್ಬರ ಪೂರ್ತಿ ಬಂದ್, ಕತ್ತರಿಯೂ ಬಂದ್. ಎರಡೂ ಹೊಸ ಚಿಗುರು ಎಬ್ಬಿಸುತ್ತವೆ, ಆ ಚಿಗುರು ಗಟ್ಟಿಯಾಗುವ ಮೊದಲೇ ಚಳಿ ಬಂದು ಸುಡುತ್ತದೆ.

ಚೌಕಟ್ಟು

ಚಳಿಗಾಲಕ್ಕೆ ಮುಂಚೆ ನಿಂಬೆಗಳಿಗೆ ಮಾತ್ರ ಗೂಡು ಕಟ್ಟಿದೆ. 60 ಸೆಂ.ಮೀ. ಉದ್ದದ ಕಬ್ಬಿಣದ ಸರಳುಗಳನ್ನು ನಾಲ್ಕು ಮೂಲೆಯಲ್ಲಿ ಅರ್ಧ ನೆಲಕ್ಕೆ ಹೊಡೆದು, ಅವುಗಳ ಮೇಲೆ ಪಿವಿಸಿ ಪೈಪ್ ತೂರಿಸಿ, ಎದುರುಬದುರಿನ ಎರಡೆರಡನ್ನು ಕಮಾನು ಬಗ್ಗಿಸಿ, ನಡುವೆ ಒಂದು ಅಡ್ಡ ಪೈಪ್ ಕಟ್ಟಿದೆ. ಗಿಡದ ಯಾವ ಎಲೆಯೂ ಬಟ್ಟೆಗೆ ತಾಗಬಾರದು, ತಾಗಿದ ಎಲೆಗೆ ರಕ್ಷಣೆ ಇಲ್ಲ. ಬಟ್ಟೆ ಚದರ ಮೀಟರಿಗೆ 30 ಗ್ರಾಂ ತೂಕದ ನಾನ್-ವೋವನ್, ಅಂದರೆ ನೇಯದೆ ಮಾಡಿದ್ದು. ಇದು ಸುಮಾರು 2ರಿಂದ 3 ಡಿಗ್ರಿ ಉಳಿಸಿಕೊಡುತ್ತದೆ. ಪವಾಡ ಏನಿಲ್ಲ, ಆದರೆ ಮೈನಸ್ 2, ಮೈನಸ್ 3ರಲ್ಲಿ ಸುಡುವ ನಿಂಬೆಯ ಚಿಗುರಿಗೆ ಆ ಎರಡು ಡಿಗ್ರಿಯೇ ಎಲ್ಲ.

ಬಟ್ಟೆ ನೆಲದವರೆಗೆ ಇಳಿದು, ಒಂದು ಅಡಿ ನೆಲದ ಮೇಲೆ ಹರಡಿ, ಇಟ್ಟಿಗೆ ಹೇರಿ ಮುಚ್ಚಿರಬೇಕು. ಎಷ್ಟೋ ಕಡೆ ಗಿಡದ ತಲೆಗೆ ಬಟ್ಟೆ ಸುತ್ತಿ ಕಾಂಡಕ್ಕೆ ದಾರ ಕಟ್ಟಿರುತ್ತಾರೆ. ಗಿಡಕ್ಕೆ ತನ್ನದೇ ಬಿಸಿ ಏನೂ ಇಲ್ಲವಲ್ಲ, ಸ್ವೆಟರ್ ಹಾಕಿ ಏನು ಪ್ರಯೋಜನ? ರಾತ್ರಿ ಬಿಸಿ ಬರೋದು ಹಗಲು ಕಾದ ನೆಲದಿಂದ, ಬಟ್ಟೆಯ ಕೆಲಸ ಅದನ್ನು ಆಕಾಶಕ್ಕೆ ಹೋಗದಂತೆ ಹಿಡಿಯೋದು. ಅದಕ್ಕೇ ಗೂಡಿನೊಳಗಿನ ಮಲ್ಚಿಂಗ್ ಸರಿಸಿ ನೆಲ ಬಿಚ್ಚಿಟ್ಟೆ, ಹಿಮ (ರಾತ್ರಿ ಎಲೆ, ಹುಲ್ಲಿನ ಮೇಲೆ ಹೆಪ್ಪುಗಟ್ಟಿ ಕೂರುವ ತೇವ) ಬೀಳುವ ಮುನ್ಸೂಚನೆ ಇದ್ದಾಗ ಹಿಂದಿನ ದಿನವೇ ಮಣ್ಣಿಗೆ ನೀರುಣಿಸಿದೆ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಸೇಬು, ಅಂಜೂರಕ್ಕೆ ಮಲ್ಚಿಂಗ್ ಹಾಗೇ ಇರಲಿ, ಅಲ್ಲಿ ಕಾಯಬೇಕಾದ್ದು ಬೇರನ್ನು.

ಗೂಡಿನೊಳಗೆ 20 ಲೀಟರಿನ ನೀರಿನ ಕ್ಯಾನ್ ಒಂದೊಂದು ಇಟ್ಟೆ. 20 ಲೀಟರ್ ನೀರು 10 ಡಿಗ್ರಿಯಿಂದ ಸೊನ್ನೆಗೆ ಇಳಿಯುವಾಗ 840 ಕಿಲೋಜೌಲ್ ಹತ್ತಿರ ಬಿಸಿ ಬಿಡುತ್ತದೆ. ಅದೇ ನೀರು ಸೊನ್ನೆಯಲ್ಲಿ ಪೂರ್ತಿ ಹೆಪ್ಪುಗಟ್ಟಿದರೆ 6,680 ಕಿಲೋಜೌಲ್. ಒಂದು ರಾತ್ರಿಗೆ ಪೂರ್ತಿ ಹೆಪ್ಪುಗಟ್ಟುವುದಿಲ್ಲ, ಮೇಲೆ ಪದರ ಕಟ್ಟಿದರೂ ಲಾಭವೇ.

ಹೊಸ ನಿಂಬೆಯ ಕಸಿ ಗಂಟಿನ ಮೇಲೆ ಒಂದು ಗೇಣು ಎತ್ತರಕ್ಕೆ ಬರೀ ಮಣ್ಣು ಏರಿಸಿದೆ. ಗೊಬ್ಬರ, ಎಲೆ ಬೆರೆಸದ ಮಣ್ಣು. ಈಗಷ್ಟೇ ಬುಡ ಹೂಳಬೇಡಿ ಅಂದೆ, ಗೊತ್ತು. ಇದು ಚಳಿಗಾಲಕ್ಕೆ ಮಾತ್ರ. ಮೇಲೆಲ್ಲ ಸುಟ್ಟರೂ ಗಂಟಿನ ಮೇಲೆ ಒಂದು ಗೇಣು ನಿಂಬೆ ಉಳಿದರೆ ಮತ್ತೆ ನಿಂಬೆಯೇ ಚಿಗುರುತ್ತದೆ.

ಸೇಬಿನ ಕಾಂಡಕ್ಕೆ ನೀರಿನ ಬಿಳಿ ಪೇಂಟನ್ನು ಅಷ್ಟೇ ನೀರು ಬೆರೆಸಿ ಬಳಿದೆ. ಮಧ್ಯಾಹ್ನದ ಮೇಲಿನ ಬಿಸಿಲು ಬೀಳುವ ಬದಿಯಲ್ಲಿ ಎಳೆ ತೊಗಟೆ ಕಾದು ಒಳಗಿನ ಪದರ ಎಚ್ಚರವಾಗಿಬಿಡುತ್ತದೆ, ಸೂರ್ಯ ಮುಳುಗುತ್ತಿದ್ದಂತೆ ಉಷ್ಣತೆ ದಡಕ್ಕನೆ ಬಿದ್ದು ಅದು ಸಾಯುತ್ತದೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಹತ್ತು ನಿಮಿಷದ ಕೆಲಸ.

ಹಿಮದ ರಾತ್ರಿ

ಥರ್ಮಾಮೀಟರ್ ಮೂರು ಇಟ್ಟಿದ್ದೆ: ಎದೆಯೆತ್ತರಕ್ಕೆ ಒಂದು, ಹುಲ್ಲಿನ ಮಟ್ಟದಲ್ಲಿ ಒಂದು, ಗೂಡಿನೊಳಗೆ ಒಂದು. ಮೋಡ ಇಲ್ಲದ, ಗಾಳಿ ಇಲ್ಲದ ಒಂದು ರಾತ್ರಿ ಎದೆಯೆತ್ತರದ್ದು ಪ್ಲಸ್ 2 ತೋರಿಸುತ್ತಿದ್ದಾಗ ಹುಲ್ಲಿನ ಮಟ್ಟದ್ದು ಮೈನಸ್ 2. ಮುನ್ಸೂಚನೆಯಲ್ಲಿ ಹೇಳುವುದು ಒಂದೂವರೆ ಮೀಟರ್ ಆಸುಪಾಸಿನ ಗಾಳಿಯ ಉಷ್ಣತೆ, ಎಳೆ ಗಿಡ ಇರೋದು ಕೆಳಗೆ. ಹಾಗಾಗಿ 3 ಡಿಗ್ರಿ ಅಂದರೆ ನಾನು ಬಟ್ಟೆ ಹೊದಿಸುತ್ತೇನೆ. ಗೂಡಿನೊಳಗೆ ಬೆಳಗಿನ ಜಾವದ ಅತಿ ಕಮ್ಮಿ ಪ್ಲಸ್ 1.

ಕಾಂಪೌಂಡ್ ಗೋಡೆಯ ಒಳಗಿನ ತಗ್ಗಿನ ಮೂಲೆ ಬೇರೆಲ್ಲ ಕಡೆಗಿಂತ ಬೆಳ್ಳಗಿತ್ತು. ತಣ್ಣಗಿನ ಗಾಳಿ ಭಾರ, ಇಳಿಜಾರಲ್ಲಿ ನೀರಿನಂತೆಯೇ ಇಳಿದು ಗೋಡೆಗೆ ತಡೆದು ನಿಲ್ಲುತ್ತದೆ. ಗೋಡೆಯ ಬುಡದಲ್ಲಿ ಒಂದೆರಡು ಇಟ್ಟಿಗೆ ತೆಗೆದು ಕಂಡಿ ಮಾಡಿದೆ. ಅಂಜೂರ ಇರೋದು ಅದೇ ಮೂಲೆಯಲ್ಲಿ.

ಬಿಳಿ ಹಿಮ ಕಾಣದ ರಾತ್ರಿಗಳ ಮೇಲೆ ಜಾಸ್ತಿ ಕಣ್ಣಿಡಬೇಕು. ಗಾಳಿಯಲ್ಲಿ ತೇವ ಇದ್ದರೆ ಅದು ಇಬ್ಬನಿಯಾಗಿ, ಹಿಮವಾಗಿ ಕೂರುವಾಗ ಒಂದಿಷ್ಟು ಬಿಸಿ ಬಿಡುತ್ತದೆ, ಚಳಿ ಇಳಿಯುವ ವೇಗ ಕಮ್ಮಿಯಾಗುತ್ತದೆ. ಒಣ ಗಾಳಿಯಲ್ಲಿ ಆ ತಡೆ ಇಲ್ಲ, ಬೆಳ್ಳಗೆ ಏನೂ ಕಾಣದೆ ಮರುದಿನ ಎಲೆ ಕಪ್ಪಾಗಿರುತ್ತದೆ.

ಬೆಳಗ್ಗೆ ಬಿಸಿಲೇರಿದ ಮೇಲೆ ಬಟ್ಟೆಯ ಒಂದು ಬದಿ ಎತ್ತಿಬಿಡುತ್ತಿದ್ದೆ, ನೆಲ ಮತ್ತೆ ಕಾಯಬೇಕಲ್ಲ. ಇನ್ನು ಗಿಡಕ್ಕೆ ರಾತ್ರಿ ನೀರು ಚಿಮುಕಿಸುವ ಉಪಾಯ ಹೇಳುವವರಿದ್ದಾರೆ. ಹೆಪ್ಪುಗಟ್ಟುವ ನೀರು ಬಿಸಿ ಬಿಡುವುದು ನಿಜ, ದೊಡ್ಡ ತೋಟಗಳಲ್ಲಿ ಮಾಡುತ್ತಾರೆ ಕೂಡ. ಆದರೆ ಮಂಜು ಕರಗುವವರೆಗೆ ಒಂದು ಕ್ಷಣ ನಿಲ್ಲಿಸದೆ ಚಿಮುಕಿಸಬೇಕು. ನಡುವೆ ನಿಂತರೆ ನೀರು ಆವಿಯಾಗುತ್ತಾ ಇನ್ನಷ್ಟು ತಣ್ಣಗೆ ಮಾಡುತ್ತದೆ. ಮನೆ ತೋಟಕ್ಕೆ ಬೇಡ.

ವಸಂತದ ಹೊತ್ತಿಗೆ

ಸೇಬು ಎಲ್ಲ ಮೊಗ್ಗುಗಳನ್ನೂ ಒಡೆದಿದೆ. ಅಂಜೂರದ ತುದಿಗಳು ಈ ಸಲವೂ ಬೆರಳುದ್ದ ಕಪ್ಪಾದವು. ತಕ್ಷಣ ಕತ್ತರಿಸಲಿಲ್ಲ, ಸತ್ತಂತೆ ಕಂಡ ರೆಂಬೆ ತಡವಾಗಿ ಚಿಗುರುವುದುಂಟು, ಬೇಗ ಕತ್ತರಿಸಿದರೆ ಬರುವ ಚಿಗುರು ಕೊನೆಯ ಹಿಮಕ್ಕೆ ಸಿಗುವುದೂ ಉಂಟು. ಹಿಮದ ಕಾಲ ಮುಗಿದ ಮೇಲೆ ತುದಿಯಿಂದ ಕೆಳಕ್ಕೆ ಉಗುರಲ್ಲಿ ಕೆರೆಯುತ್ತಾ ಬಂದೆ: ಕಂದು, ಕಂದು, ಮಾಸಲು ಹಳದಿ, ಆಮೇಲೆ ಒದ್ದೆ ಹಸಿರು. ಹಸಿರು ಸಿಕ್ಕಿದ ಕೆಳಗಿನ ಮೊದಲ ಮೊಗ್ಗಿನ ಮೇಲೆ ಕತ್ತರಿಸಿದೆ.

ನಿಂಬೆಯ ಬುಡದ ಮಣ್ಣನ್ನು ನೀರಿನ ಪೈಪಿನಿಂದ ಮೆಲ್ಲಗೆ ತೊಳೆದು ತೆಗೆದೆ, ತೊಗಟೆ ಗಟ್ಟಿಯಾಗಿದೆ. ಗಂಟಿನ ಕೆಳಗೆ ಒಂದು ಮೂರೆಲೆಯ ಕುಡಿ ಇಣುಕಿತ್ತು, ಎಳೆಯದಿರುವಾಗಲೇ ಕೈಯಲ್ಲಿ ಕಿತ್ತೆ, ಕತ್ತರಿಸಿದರೆ ಅಲ್ಲಿಂದಲೇ ಮತ್ತೆ ಬರುತ್ತದೆ. ಸೇಬಿನ ಗೂಟಗಳನ್ನು ತೆಗೆದಾಯಿತು. ಹಳೇ ನಿಂಬೆ ಈ ಬೇಸಿಗೆಯಲ್ಲಿ ಗೂಡಿನ ಎತ್ತರ ದಾಟುವಂತಿದೆ, ಮುಂದಿನ ಚಳಿಗೆ ಕಪ್ಲಿಂಗ್ ಹಾಕಿ ಪೈಪುಗಳನ್ನು ಎರಡು ಅಡಿ ಎತ್ತರಿಸಬೇಕು, ಬಟ್ಟೆಯನ್ನೂ ಅಷ್ಟಕ್ಕೆ ಹೊಲಿಸಿ ಸೇರಿಸಬೇಕು.